ಬಾಲ್ಟಿಮೋರಿನ ಓರಿಯೋಲ್ಸ್ ಗಾಯಕ ತಂಡ

ಎರಡನೆಯ ಮಹಾಯುದ್ಧಾನಂತರದ ಅಮೆರಿಕನ್ ಜನಪ್ರಿಯ ಸಂಗೀತದ ಚರಿತ್ರೆಯಲ್ಲಿ ಓರಿಯೋಲ್ಸ್ ತಂಡಕ್ಕೆ ವಿಶಿಷ್ಟ ಸ್ಥಾನವಿದೆ. ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿ ಕಪ್ಪು ಜನಾಂಗದ ತರುಣರು ಕಟ್ಟಿದ ಈ ತಂಡದ ಮೊದಲ ಹೆಸರು ವೈಬ್ರಾನೇರ್ಸ್. ಬಳಿಕ ಅವರು ತಮ್ಮ ರಾಜ್ಯಪಕ್ಷಿಯ ಹೆಸರನ್ನೇ ತಂಡಕ್ಕೆ ಇಟ್ಟುಕೊಂಡರು. ಸನ್ನಿ ಟಿಲ್ ಪ್ರಧಾನ ಗಾಯಕರು. ಅಲೆಕ್ಸಾಂಡರ್ ಶಾರ್ಪ್, ಜಾರ್ಜ್ ನೆಲ್ಸನ್ ಮತ್ತು ಜಾನಿ ರೀಡ್ ಸಹಗಾಯಕರು. ಟಾಮಿ ಗೇದರ್ ಗಿಟಾರ್ ವಾದಕರು.

ಇವರ ಗಾಯನಕ್ರಮ ಸರಳವಾದುದು. ಟಿಲ್ ಮೆಲುದನಿಯಲ್ಲಿ, ವಿಳಂಬ ಗತಿಯಲ್ಲಿ ಸಾಹಿತ್ಯವನ್ನು ಹಾಡುವಾಗ ಉಳಿದವರು ಪದವಿಲ್ಲದ ಸ್ವರಗಳಿಂದ ಹಿನ್ನೆಲೆ ಒದಗಿಸುತ್ತಿದ್ದರು. ವಾದ್ಯಗಳ ಬಳಕೆ ಅತ್ಯಲ್ಪ. ಮುಂದೆ 'ಡೂ-ವಾಪ್' ಎಂದು ಹೆಸರಾದ ಶೈಲಿಯ ಬೇರುಗಳನ್ನು ಇಲ್ಲಿ ಗುರುತಿಸಬಹುದು.

ತಂಡದ ವ್ಯವಹಾರವನ್ನು ನೋಡಿಕೊಂಡವರು ಡೆಬೊರಾ ಚೆಸ್ಲರ್ ಎಂಬ ಬಿಳಿಯ ಯುವತಿ. ವರ್ಣಭೇದ ಕಾನೂನಾಗಿದ್ದ ಕಾಲದಲ್ಲಿ, ಅಂಗಡಿಯೊಂದರ ಈ ಉದ್ಯೋಗಿ ಕಪ್ಪು ತರುಣರೊಡನೆ ಊರೂರು ಸುತ್ತಿದ್ದು ಸಾಮಾನ್ಯ ಧೈರ್ಯವಲ್ಲ. 1948ರಲ್ಲಿ ಆರ್ಥರ್ ಗಾಡ್‌ಫ್ರೇ ಅವರ ಪ್ರತಿಭಾಶೋಧ ಸ್ಪರ್ಧೆಯಲ್ಲಿ ತಂಡಕ್ಕೆ ಗೆಲುವು ದೊರೆಯಲಿಲ್ಲ. ಆದರೆ ಅದೇ ವರ್ಷ, ಚೆಸ್ಲರ್ ರಚಿಸಿದ 'ಇಟ್ಸ್ ಟೂ ಸೂನ್ ಟು ನೋ' ಗೀತೆ ಕಪ್ಪು ಜನರ ಸಂಗೀತದ ಪಟ್ಟಿಯಲ್ಲಿ ಪ್ರಥಮ ಸ್ಥಾನಕ್ಕೇರಿತು. ಬಿಳಿಯ ಶ್ರೋತೃಗಳೇ ಹೆಚ್ಚಾಗಿದ್ದ ಸಾಮಾನ್ಯ ಪಟ್ಟಿಯಲ್ಲೂ 13ನೆಯ ಸ್ಥಾನ ಪಡೆಯಿತು. ಅಂದು ಆ ಮೊದಲ ಪಟ್ಟಿಗೆ 'ರೇಸ್ ರೆಕಾರ್ಡ್ಸ್' ಎಂಬ ಹೆಸರಿತ್ತು. 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಅದನ್ನು 'ರಿದಮ್ ಅಂಡ್ ಬ್ಲೂಸ್' ಎಂದು ಬದಲಿಸಿತು. ಅದೇ ವರ್ಷ 'ಟೆಲ್ ಮಿ ಸೋ' ಗೀತೆಯೂ ಅಗ್ರಸ್ಥಾನ ಗಳಿಸಿತು.

ಯಶಸ್ಸಿನ ಬೆನ್ನಿಗೇ ಆಘಾತವೂ ಬಂತು. 1950ರ ನವೆಂಬರ್‌ನಲ್ಲಿ ಸಂಭವಿಸಿದ ಕಾರು ಅಪಘಾತದಲ್ಲಿ ಗೇದರ್ ಮೃತಪಟ್ಟರು. ನೆಲ್ಸನ್ ಮತ್ತು ರೀಡ್ ಗಾಯಗೊಂಡರು. ಆದರೂ ತಂಡ ಹಾಡುವುದನ್ನು ನಿಲ್ಲಿಸಲಿಲ್ಲ. 1953ರಲ್ಲಿ, ಆರ್ಟಿ ಗ್ಲೆನ್ ರಚಿಸಿದ್ದ 'ಕ್ರೈಯಿಂಗ್ ಇನ್ ದಿ ಚಾಪೆಲ್' ಎಂಬ ಭಕ್ತಿಗೀತೆಯನ್ನು ಹಾಡಿ, ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮತ್ತೆ ಪ್ರಥಮ ಸ್ಥಾನವನ್ನೂ ಸಾಮಾನ್ಯ ಪಟ್ಟಿಯಲ್ಲಿ 11ನೆಯ ಸ್ಥಾನವನ್ನೂ ಪಡೆಯಿತು. ಇದೇ ಅವರ ಕೊನೆಯ ದೊಡ್ಡ ವಿಜಯ. ಆ ದಶಕದ ನಡುವಿನಲ್ಲಿ ಮೂಲ ತಂಡ ಚದುರಿಹೋಯಿತು. ಟಿಲ್ ಹೊಸಬರನ್ನು ಕೂಡಿಕೊಂಡು ಮುಂದುವರಿದರು.

ಇಂದು ಆ ಗೀತೆ ಎಂದೊಡನೆ ಹಲವರಿಗೆ ನೆನಪಾಗುವುದು 1965ರಲ್ಲಿ ಹೊರಬಂದ ಎಲ್ವಿಸ್ ಪ್ರೀಸ್ಲಿಯವರ ಧ್ವನಿಮುದ್ರಣ. ದಾರಿ ಕಡಿದವರ ಹೆಸರು ಮಸುಕಾಗಿ, ಆ ದಾರಿಯಲ್ಲಿ ನಡೆದವರ ಹೆಸರು ಉಳಿಯುವುದು ಕಲಾಲೋಕದಲ್ಲಿ ಹೊಸತೇನಲ್ಲ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಂಸ್ಥೆ 1995ರಲ್ಲಿ ಓರಿಯೋಲ್ಸ್ ತಂಡವನ್ನು ಆದ್ಯ ಪ್ರೇರಕರ ಸಾಲಿಗೆ ಸೇರಿಸಿ ಗೌರವಿಸಿತು. ಅದನ್ನು ಕಾಣಲು ಸನ್ನಿ ಟಿಲ್ ಇರಲಿಲ್ಲ. ಅವರು 1981ರಲ್ಲಿಯೇ ತೀರಿಕೊಂಡಿದ್ದರು.