ಸೂರಿಲ್ಲದ ಚರ್ಚಿನ ಊರಿಗೆ ಮತ್ತೊಮ್ಮೆ

ಮೊದಲ ಸಲ ಲಿಸ್ಬನ್‌ಗೆ ಹೋದಾಗ ಸಿಕ್ಕಿದ್ದು ಎರಡೇ ದಿನ. 28ನೇ ನಂಬರಿನ ಹಳದಿ ಟ್ರಾಮಿನಲ್ಲಿ ಜೋತುಬಿದ್ದು ಅಲ್ಫಾಮಾ ಗುಡ್ಡ ಹತ್ತಿದ್ದೆ, ಬೆಲೆಂನಲ್ಲಿ ಬಿಸಿಬಿಸಿ ಪಾಸ್ತೆಲ್ ಸಿಹಿತಿಂಡಿ ತಿಂದಿದ್ದೆ. ಕಾರ್ಮೊ ಚರ್ಚಿನ ಮುಂದೆ ನಿಂತಾಗ ಬಾಗಿಲು ಹಾಕಿತ್ತು. ಆ ಬಾಕಿ ತೀರಿಸಲೆಂದೇ ಈ ಸಲ ಆರು ದಿನ ಉಳಿದೆ.

ತಂಗಿದ್ದ ಮನೆಯೊಡತಿ ಬೀಗದ ಕೈ ಕೊಡುತ್ತಾ 'ಶಾವ್' ಅಂದರು. ನಮ್ಮ ಚಾವಿಯೇ! ಊಟಕ್ಕೆ ಕೂರುವ ಮೇಜು ಅವರಿಗೂ 'ಮೇಜ', ಹಣ ಕೊಡುವುದು 'ಪಗಾರ್'. ನಮ್ಮ ಕರಾವಳಿಯಿಂದ ಮೆಣಸು ಹೊತ್ತೊಯ್ದವರು ಬಿಟ್ಟುಹೋದ ಪದಗಳಿವು.

ಆ ಮೆಣಸು ಏನಾಯಿತೆಂದು ನೋಡಬೇಕಾದರೆ ಜೆರೋನಿಮೊಸ್ ಮಠಕ್ಕೆ ಹೋಗಬೇಕು. 16ನೇ ಶತಮಾನದ ಆರಂಭದಲ್ಲಿ ಕೆಲಸ ಶುರುವಾದ ಈ ಮಠಕ್ಕೆ ದುಡ್ಡು ಬಂದದ್ದು ಬಹುಪಾಲು ಸಾಂಬಾರ ವ್ಯಾಪಾರದ ಮೇಲಿನ ಶೇ 5ರ ಸುಂಕದಿಂದ. ಕಂಬಗಳ ಮೇಲೆ ಹಡಗಿನ ಹಗ್ಗ, ಗಂಟು, ಹವಳಗಳನ್ನೆಲ್ಲ ಕಲ್ಲಿನಲ್ಲೇ ಕೆತ್ತಿದ್ದಾರೆ. ಬಾಗಿಲ ಬಳಿಯೇ ವಾಸ್ಕೊ ಡ ಗಾಮಾನ ಸಮಾಧಿ. ಸತ್ತದ್ದು 1524ರಲ್ಲಿ, ಕೊಚ್ಚಿಯಲ್ಲಿ. ಅದೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು 'ಮೆಣಸಿನ ರಾಣಿ' ಎಂದು ಕರೆದವರೂ ಪೋರ್ಚುಗೀಸರೇ. ಆಕೆಯ ಹೆಸರು ಮಾತ್ರ ಇಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಆದರೆ ಲಿಸ್ಬನ್ ಅರ್ಥವಾಗುವುದು ಮಠದಲ್ಲಲ್ಲ, ನಡುವೂರಿನ ಬೈಷಾದಲ್ಲಿ. 1755ರ ನವೆಂಬರ್ 1, ಸಕಲ ಸಂತರ ಹಬ್ಬ. ಜನ ಚರ್ಚುಗಳಲ್ಲಿ ಸೇರಿದ್ದ ಹೊತ್ತಿಗೇ ಭೂಮಿ ನಡುಗಿತು. ಬಯಲೆಂದು ನದಿದಂಡೆಗೆ ಓಡಿದವರ ಮೇಲೆ ಸುನಾಮಿ ಬಂತು. ಹಬ್ಬಕ್ಕೆ ಹಚ್ಚಿಟ್ಟಿದ್ದ ಮೇಣದಬತ್ತಿ, ಮನೆಗಳ ಒಲೆ ಬೆಂಕಿಯಾಗಿ ದಿನಗಟ್ಟಲೆ ಊರನ್ನು ಸುಟ್ಟವು.

ಮತ್ತೆ ಕಟ್ಟಿಸಿದವನು ಮಂತ್ರಿ ಪೊಂಬಾಲ್. ಸೊಟ್ಟ ಗಲ್ಲಿಗಳನ್ನು ಅಳಿಸಿ ನೂಲು ಹಿಡಿದಂತೆ ಬೀದಿ ಎಳೆಸಿದ. ಗೋಡೆಗಳೊಳಗೆ ಮರದ ಅಡ್ಡಪಟ್ಟಿಗಳ ಚೌಕಟ್ಟು ಕೂರಿಸಲಾಯಿತು. 'ಗಯೋಲಾ', ಅಂದರೆ ಪಂಜರ. ನೆಲ ಅಲುಗಿದರೆ ಮರ ಬಾಗುತ್ತದೆ, ಕಟ್ಟಡ ಸುಲಭಕ್ಕೆ ಕುಸಿಯುವುದಿಲ್ಲ. ಮಾದರಿಯೊಂದನ್ನು ಕಟ್ಟಿ, ಸುತ್ತ ಸೈನಿಕರಿಂದ ಹೆಜ್ಜೆ ಕುಟ್ಟಿಸಿ ಪರೀಕ್ಷಿಸಿದರಂತೆ. ಈಗ ಆ ಗೋಡೆಗಳ ಕೆಳಗೆ ಪ್ರವಾಸಿಗರ ಸೂಟ್‌ಕೇಸುಗಳ ಗಡಗಡ. ಅಲ್ಫಾಮಾದಲ್ಲೂ ಅದೇ ಸದ್ದು. ಎಷ್ಟೋ ಮನೆಗಳು ಬಾಡಿಗೆ ಕೋಣೆಗಳಾಗಿ ಹಳಬರು ಖಾಲಿ ಮಾಡಿದ್ದಾರೆ. ನಾನೂ ಅಂಥದ್ದೇ ಕೋಣೆಯಲ್ಲಿದ್ದೆನಲ್ಲ, ದೂರುವ ಬಾಯಿ ನನಗಿಲ್ಲ.

ಕಾರ್ಮೊಗೆ ಹೋದದ್ದು ಕೊನೆಯ ದಿನ. ಭೂಕಂಪದಲ್ಲಿ ಬಿದ್ದ ಸೂರನ್ನು ಪೂರ್ತಿ ಮುಚ್ಚದೆ ಹಾಗೇ ಬಿಟ್ಟಿದ್ದಾರೆ. ಬರೀ ಕಮಾನುಗಳು, ಮೀನಿನ ಮುಳ್ಳಿನ ಹಾಗೆ. ನಡುವೆ ಆಕಾಶ, ಕೆಳಗೆ ಹುಲ್ಲು. ಮಳೆ ಹನಿಯಿತು, ಚರ್ಚಿನೊಳಗೇ ಕೊಡೆ ಬಿಚ್ಚಿದೆ. ಮಠಕ್ಕಿಂತ ಇದೇ ನನಗೆ ಮೇಲು.

ಹೋಗುವವರು ರಬ್ಬರ್ ಅಟ್ಟೆಯ ಶೂ ಹಾಕಿಕೊಳ್ಳಿ. ಆ ಊರಿನ ಸುಣ್ಣಕಲ್ಲಿನ ಕಾಲುದಾರಿ ಮಳೆಯಲ್ಲಿ ಜಾರುತ್ತದೆ. ಮತ್ತೆ, ಭಾನುವಾರ ಹೋಗಬೇಡಿ. ಕಾರ್ಮೊಗೆ ಅಂದು ರಜೆ.