ಉಂಡ ಮನೆಯ ಋಣ

ಮಾನಂದವಾಡಿಯಿಂದ ಮೈಸೂರಿನ ಕಡೆಗೆ ಬರುವವರಿಗೆ ಕಾಟ್ಟಿಕುಳಂ ಪರಿಚಿತ ಊರು. ಇಲ್ಲಿ ರಸ್ತೆ ಎರಡಾಗಿ ಒಡೆಯುತ್ತದೆ. ಒಂದು ಬಾವಲಿಯ ಮೇಲೆ ಎಚ್.ಡಿ. ಕೋಟೆಗೆ, ಇನ್ನೊಂದು ತೋಲ್ಪೆಟ್ಟಿಯ ಮೇಲೆ ಕೊಡಗಿನ ಕುಟ್ಟಕ್ಕೆ. ತಿರುನೆಲ್ಲಿ ದೇವಸ್ಥಾನಕ್ಕೆ ಹೋಗುವ ಯಾತ್ರಿಕರು, ಕುರುವಾ ದ್ವೀಪ ನೋಡಲು ಬರುವ ಬೆಂಗಳೂರಿನ ಹುಡುಗರು, ಕಾಫಿ ತೋಟಗಳ ಕೆಲಸಗಾರರು, ಎಲ್ಲರೂ ಹಾದುಹೋಗುವ ದಾರಿ ಇದು. ಬಾವಲಿಯ ಕಾಡುರಸ್ತೆಯನ್ನು ಸಂಜೆ 6 ಗಂಟೆಗೆ ಮುಚ್ಚಿದರೆ ಮತ್ತೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಗೇಟು ತಪ್ಪಿಸಿಕೊಂಡವರು ಒಂದೋ ಸುತ್ತಿ ಹೋಗಬೇಕು, ಇಲ್ಲವೇ ರಾತ್ರಿ ತಂಗಲು ಜಾಗ ಹುಡುಕಬೇಕು. ಮಳೆಯಲ್ಲಿ ನೆನೆದು, ಹಸಿದು ನಿಂತಾಗ ಬಾಗಿಲು ತೆರೆದು ಬಿಸಿ ಗಂಜಿ ಕೊಟ್ಟವರ ಜಾತಿ, ಮತ, ಪಂಥ ಯಾವುದೆಂದು ಯಾರೂ ಕೇಳುವುದಿಲ್ಲ. ಕೇಳಲೂಬಾರದು ಎಂದೇ ನಮ್ಮ ಹಿರಿಯರು ಕಲಿಸಿದ್ದಾರೆ.

ಇಲ್ಲಿನ ಹೋಂಸ್ಟೇಗಳ ಮೇಲೆ ದೂರು ಹೇಳಲು ನಾನು ಹೊರಟಿಲ್ಲ. ಅವುಗಳನ್ನು ನಡೆಸುವವರಲ್ಲಿ ನಮ್ಮದೇ ಧರ್ಮಕೇಂದ್ರಗಳ ಕುಟುಂಬಗಳೂ ಇವೆ. ನಾನು ಹೇಳಬೇಕೆಂದಿರುವುದು ಇದೇ ಗಡಿಭಾಗದ ಮನೆಗಳಿಂದ ದೂರದೇಶಕ್ಕೆ ಹೊರಟಿರುವ ಮಕ್ಕಳ ವಿಷಯ. ಓದಲು, ನರ್ಸಿಂಗ್ ಕೆಲಸಕ್ಕೆ, ಈಗೀಗ ದುಡಿಯುತ್ತ ಊರು ಸುತ್ತುವುದಕ್ಕೂ ಹೋಗುತ್ತಿದ್ದಾರೆ. ಆಸ್ಟ್ರೇಲಿಯಾ 2024ರಲ್ಲಿ 18ರಿಂದ 30 ವರ್ಷದ ಭಾರತೀಯರಿಗೆ ಅಂಥ ವೀಸಾ ಕೊಡಲು ಆರಂಭಿಸಿತು. ವರ್ಷಕ್ಕೆ ಕೇವಲ 1000 ಮಂದಿಗೆ ಅವಕಾಶ, ಅದಕ್ಕೂ ಚೀಟಿ ಎತ್ತುತ್ತಾರೆ. ಇಲ್ಲಿ ಅತಿಥಿಗೆ ಹಾಸಿಗೆ ಹಾಸಿಕೊಟ್ಟ ಮಗ ಅಲ್ಲಿ ತಾನೇ ದಾರಿಹೋಕನಾಗುತ್ತಾನೆ. ಅವನಿಗೆ ಬಾಗಿಲು ತೆರೆಯುವವರು ಯಾರು?

ಒಂದು ಹೋಟೆಲಿನ ಕಥೆಯಿಂದ ಆರಂಭಿಸೋಣ. ಅಮೆರಿಕದ ಟೆನೆಸಿ ರಾಜ್ಯದಲ್ಲಿ ಚಾಟನೂಗಾ ಎಂಬ ಪಟ್ಟಣವಿದೆ. 1970ರ ದಶಕದ ಆರಂಭದಲ್ಲಿ ಅಲ್ಲಿ ಜೀನ್ ಸ್ಪ್ರಿಗ್ಸ್ ಎಂಬಾತ ಹೆಂಡತಿ ಮಾರ್ಷಾಳೊಡನೆ ತನ್ನ ಮನೆಗೆ ದಿಕ್ಕುತಪ್ಪಿದ ಯುವಕರನ್ನು ಕರೆದು ಊಟ ಹಾಕಿ ಬೈಬಲ್ ಓದಿಸುತ್ತಿದ್ದ. ಆರಂಭದಲ್ಲಿ ಅದು ಒಳ್ಳೆಯ ಕೆಲಸವೇ. ಅವರ ಖರ್ಚಿಗೆಂದು 1973ರಲ್ಲಿ ‘ಯೆಲ್ಲೋ ಡೆಲಿ’ ಎಂಬ ಹೋಟೆಲು ತೆರೆದರು. ಮರದ ಹಲಗೆಗಳ ಒಳಾಂಗಣ, ಮಂದ ದೀಪ, ಆಗತಾನೇ ಸುಟ್ಟ ರೊಟ್ಟಿ, ನಗುಮುಖದ ಹುಡುಗ ಹುಡುಗಿಯರು. 1975ರಲ್ಲಿ, ಟಿವಿಯಲ್ಲಿ ಫುಟ್‌ಬಾಲ್ ಪಂದ್ಯವಿದೆ ಎಂದು ಅವರು ಹೋಗುತ್ತಿದ್ದ ಚರ್ಚಿನಲ್ಲಿ ಭಾನುವಾರದ ಆರಾಧನೆಯನ್ನು ರದ್ದು ಮಾಡಿದರಂತೆ. ಅಲ್ಲಿಂದ ಆ ಗುಂಪು ಎಲ್ಲ ಸಭೆಗಳನ್ನೂ ಬಿಟ್ಟು ತಾನೇ ಒಂದು ಸಭೆಯಾಯಿತು. (ಆ ಚರ್ಚಿನವರು ಪಂದ್ಯ ಬಿಟ್ಟು ಪ್ರಾರ್ಥನೆ ನಡೆಸಿದ್ದರೆ ಏನಾಗುತ್ತಿತ್ತೋ!) ಮುಂದೆ ಅದೇ ‘ಹನ್ನೆರಡು ಗೋತ್ರಗಳು’, ಅಂದರೆ ಟ್ವೆಲ್ವ್ ಟ್ರೈಬ್ಸ್ ಎಂಬ ಪಂಥವಾಗಿ ಅಮೆರಿಕ, ಯೂರೋಪು, ಆಸ್ಟ್ರೇಲಿಯಾಗಳಿಗೆ ಹರಡಿತು. ಸ್ಪ್ರಿಗ್ಸ್ 2021ರಲ್ಲಿ ತೀರಿಕೊಂಡ. ಪಂಥ ಉಳಿದಿದೆ, ಹೋಟೆಲುಗಳೂ ಉಳಿದಿವೆ.

ಈ ಹೋಟೆಲುಗಳು ಎಲ್ಲಿವೆ ಎಂಬುದನ್ನು ಗಮನಿಸಬೇಕು. ಅಮೆರಿಕದಲ್ಲಿ ಅಪಲೇಶಿಯನ್ ಟ್ರೇಲ್ ಎಂಬ ಕಾಲ್ದಾರಿಯಿದೆ. ಉದ್ದ ಸುಮಾರು 3500 ಕಿಲೋಮೀಟರು. ಪೂರ್ತಿ ನಡೆಯಲು ಐದಾರು ತಿಂಗಳು ಬೇಕು. ವರ್ಮಾಂಟ್ ರಾಜ್ಯದಲ್ಲಿ ಆ ದಾರಿಗೆ ಹತ್ತಿರದ ಪಟ್ಟಣ ರಟ್ಲೆಂಡ್. ಅಲ್ಲಿ ಯೆಲ್ಲೋ ಡೆಲಿಯ ಜೊತೆಗೇ ನಡಿಗೆಯವರಿಗೆಂದು ಪಂಥದವರು ತಂಗುಮನೆ ನಡೆಸುತ್ತ ಬಂದಿದ್ದಾರೆ. ನೂರಾರು ಮೈಲಿ ನಡೆದು ಕಾಲು ಬೊಬ್ಬೆಯೆದ್ದವನಿಗೆ ಬಿಸಿನೀರು, ಹಾಸಿಗೆ, ಊಟ. ಕೈಲಾದಷ್ಟು ಕೊಟ್ಟರೆ ಸಾಕು, ಇಲ್ಲದಿದ್ದರೆ ಒಂದಿಷ್ಟು ಕೆಲಸ ಮಾಡಿದರೂ ಆಯಿತು. ಆಸ್ಟ್ರೇಲಿಯಾದಲ್ಲಿ ಸಿಡ್ನಿಯಿಂದ ರೈಲಿನಲ್ಲಿ ಎರಡು ಗಂಟೆ ದೂರದ ಕಟೂಂಬಾ ಎಂಬ ಪ್ರವಾಸಿ ಊರಿನಲ್ಲಿ ಇಂಥದೇ ಹೋಟೆಲು ತೆರೆದರು. ಒಂದು ಕಾಲದಲ್ಲಿ ಅಮೆರಿಕದ ದೊಡ್ಡ ಸಂಗೀತ ಕಾರ್ಯಕ್ರಮಗಳ ಹಿಂದೆ ಹಿಂದೆ ಇವರ ಬಸ್ಸು ಹೋಗುತ್ತಿತ್ತು. ಅಮಲಿನಲ್ಲಿ ಬಿದ್ದವರಿಗೆ, ಗೆಳೆಯರಿಂದ ತಪ್ಪಿಸಿಕೊಂಡವರಿಗೆ ಶುಶ್ರೂಷೆ ಮಾಡುತ್ತಿದ್ದರು. ಮನೆಯಿಂದ ದೂರವಾಗಿ, ದಣಿದು, ಮುಂದೇನು ಎಂದು ಯೋಚಿಸುತ್ತಿರುವ ಇಪ್ಪತ್ತರ ಹರೆಯದವರು ಎಲ್ಲಿ ಸಿಗುತ್ತಾರೋ ಅಲ್ಲೆಲ್ಲ ಇವರ ಬಾಗಿಲು ತೆರೆದಿರುತ್ತದೆ.

ನ್ಯಾಯವಾಗಿ ಹೇಳುವುದಾದರೆ, ಅಲ್ಲಿ ಒಂದು ರಾತ್ರಿ ಮಲಗಿ ಬೆಳಿಗ್ಗೆ ಕೃತಜ್ಞತೆಯಿಂದ ಹೊರಟುಹೋದವರೇ ಹೆಚ್ಚು. ಯಾರನ್ನೂ ಕಟ್ಟಿಹಾಕುವುದಿಲ್ಲ. ತಾವು ಧಾರ್ಮಿಕ ಸಮುದಾಯ ಎಂಬುದನ್ನು ಇವರು ಮುಚ್ಚಿಡುವುದೂ ಇಲ್ಲ, ತಿಂಡಿಪಟ್ಟಿಯ ಮೇಲೇ ಅದರ ಸುಳಿವು ಇರುತ್ತದೆ. ಇಲ್ಲದಿರುವುದು ಉಳಿದ ಸಂಗತಿಗಳು. ಸೇರಿದವನು ತನ್ನ ಆಸ್ತಿಯನ್ನೆಲ್ಲ ಸಮುದಾಯಕ್ಕೆ ಒಪ್ಪಿಸಬೇಕು. ಹೋಟೆಲಿನಲ್ಲಿ ದುಡಿಯುವವರಿಗೆ ಸಂಬಳವಿಲ್ಲ. ಹೊಸ ಹೀಬ್ರೂ ಹೆಸರು. ಮಕ್ಕಳು ಶಾಲೆಗೆ ಹೋಗುವುದಿಲ್ಲ, ತಪ್ಪು ಮಾಡಿದಾಗಲೆಲ್ಲ ತೆಳುವಾದ ಬೆತ್ತದಿಂದ ಏಟು. ಕರಿಯರ ಗುಲಾಮಗಿರಿಯನ್ನು ಸಮರ್ಥಿಸುವ ಬೋಧನೆಗಳೂ ಸ್ಥಾಪಕನ ಹೆಸರಿನಲ್ಲಿವೆ. ನಮ್ಮ ಮಕ್ಕಳು ಆ ಮೇಜಿನ ಮುಂದೆ ಕುಳಿತಾಗ ರೊಟ್ಟಿಯ ಜೊತೆ ಇದನ್ನು ಯಾರೂ ಬಡಿಸುವುದಿಲ್ಲ.

1984ರ ಜೂನ್ 22ರಂದು ವರ್ಮಾಂಟ್ ಪೊಲೀಸರು ಐಲೆಂಡ್ ಪಾಂಡ್ ಎಂಬ ಊರಿನಲ್ಲಿ ಇವರ ಮನೆಗಳಿಗೆ ನುಗ್ಗಿ 112 ಮಕ್ಕಳನ್ನು ಕರೆದೊಯ್ದರು. ಒಂದೊಂದು ಮಗುವಿನ ಬಗ್ಗೆಯೂ ಪ್ರತ್ಯೇಕ ಸಾಕ್ಷ್ಯವಿಲ್ಲವೆಂದು ನ್ಯಾಯಾಧೀಶರು ಅದೇ ದಿನ ಎಲ್ಲರನ್ನೂ ವಾಪಸು ಕಳಿಸಿದರು. ಕಾನೂನಿನ ಪ್ರಕಾರ ಅದು ಸರಿಯೇ ಇದ್ದಿರಬಹುದು. ಆದರೆ ಫ್ರಾನ್ಸಿನಲ್ಲಿ 1997ರಲ್ಲಿ ಈ ಸಮುದಾಯದ ಒಂದು ಕೂಸು ಚಿಕಿತ್ಸೆಯಿಲ್ಲದೆ, ಸರಿಯಾದ ಆಹಾರವಿಲ್ಲದೆ ಸತ್ತಿತು. ತಂದೆತಾಯಿಗೆ ಜೈಲಾಯಿತು. 2013ರಲ್ಲಿ ಜರ್ಮನಿಯ ಪತ್ರಕರ್ತನೊಬ್ಬ ಒಳಗೆ ಸೇರಿಕೊಂಡು ಮಕ್ಕಳಿಗೆ ಹೊಡೆಯುವುದನ್ನು ಗುಟ್ಟಾಗಿ ಚಿತ್ರೀಕರಿಸಿದ. ಬವೇರಿಯಾದ ಅಧಿಕಾರಿಗಳು 40 ಮಕ್ಕಳನ್ನು ಬೇರೆಡೆಗೆ ಸಾಗಿಸಿದರು. ತಂದೆತಾಯಿಗಳು ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2018ರ ಮಾರ್ಚಿನಲ್ಲಿ ನ್ಯಾಯಾಲಯ ಅಧಿಕಾರಿಗಳ ಕ್ರಮ ತಪ್ಪಲ್ಲ ಎಂದಿತು. ಈ ಮಕ್ಕಳ ತಂದೆತಾಯಿಗಳಲ್ಲಿ ಯಾರೋ ಒಬ್ಬರು ಎಂದೋ ಒಂದು ದಿನ ಹಸಿವಾಗಿ ಹೋಟೆಲಿಗೆ ಬಂದವರೇ ಇರಬಹುದು.

ಗುರುತನ್ನೇ ಮುಚ್ಚಿಟ್ಟ ಉದಾಹರಣೆಯೂ ಇದೆ. 1970ರ ದಶಕದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಬಸ್ ನಿಲ್ದಾಣಗಳಲ್ಲಿ, ಸಮುದ್ರತೀರದಲ್ಲಿ, ಬೆನ್ನಿಗೆ ಚೀಲ ಹಾಕಿಕೊಂಡ ಯುವಜನರನ್ನು ಹಸನ್ಮುಖಿಗಳು ಮಾತನಾಡಿಸುತ್ತಿದ್ದರು. ‘ನಮ್ಮದೊಂದು ದೊಡ್ಡ ಕುಟುಂಬವಿದೆ, ಇವತ್ತು ರಾತ್ರಿ ಊಟಕ್ಕೆ ಬನ್ನಿ’ ಎಂಬ ಆಹ್ವಾನ. ಊಟದ ನಂತರ ಹಾಡು, ಆಮೇಲೆ ವಾರಾಂತ್ಯಕ್ಕೆ ಬೂನ್‌ವಿಲ್ ಎಂಬಲ್ಲಿನ ತೋಟ. ಅಲ್ಲಿ ಒಬ್ಬ ಅತಿಥಿಗೆ ಒಬ್ಬ ಜೊತೆಗಾರ, ಸ್ನಾನಕ್ಕೆ ಹೋದರೂ ಬಾಗಿಲ ಬಳಿ ಅವನು ಹಾಜರು. ಅದು ಕೊರಿಯಾದ ಸನ್ ಮ್ಯುಂಗ್ ಮೂನರ ಯೂನಿಫಿಕೇಶನ್ ಚರ್ಚು ಎಂಬುದು ಗೊತ್ತಾಗುವಾಗ ವಾರಗಳು ಕಳೆದಿರುತ್ತಿದ್ದವು. 1979ರಲ್ಲಿ ಬಸ್ಸಿಗಾಗಿ ಕಾಯುತ್ತಿದ್ದ ಕಾನೂನು ಪದವೀಧರನೊಬ್ಬ ಹೀಗೆ ಸೇರಿದ, ಹೊರಬಂದ ಮೇಲೆ ಮೊಕದ್ದಮೆ ಹೂಡಿದ. ಸಂಸ್ಥೆಯ ಗುರುತನ್ನು ಸುಳ್ಳು ಹೇಳಿ ಜನರನ್ನು ಸೇರಿಸಿಕೊಂಡರೆ ಅದು ವಂಚನೆಯ ಮೊಕದ್ದಮೆಗೆ ಒಳಪಡಬಹುದೆಂದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1988ರಲ್ಲಿ ಹೇಳಿತು. ಕಾನೂನು ಓದಿದವನೇ ಸಿಕ್ಕಿಬಿದ್ದ ಎಂಬುದನ್ನು ‘ನಮ್ಮ ಮಗ ಬುದ್ಧಿವಂತ’ ಎನ್ನುವ ತಂದೆತಾಯಿಗಳು ನೆನಪಿಟ್ಟುಕೊಳ್ಳಬೇಕು.

ಹಾಗೆಂದು ಇದು ಮಾಟಮಂತ್ರವಲ್ಲ. ಲಂಡನ್ನಿನ ಸಮಾಜಶಾಸ್ತ್ರಜ್ಞೆ ಐಲೀನ್ ಬಾರ್ಕರ್ ಇದೇ ಚರ್ಚಿನ ಶಿಬಿರಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 1984ರಲ್ಲಿ ಪುಸ್ತಕ ಬರೆದರು. ಶಿಬಿರಕ್ಕೆ ಹೋದವರಲ್ಲಿ ಶೇಕಡಾ 90ರಷ್ಟು ಮಂದಿ ಸೇರಲೇ ಇಲ್ಲ, ಸೇರಿದವರಲ್ಲೂ ಬಹಳಷ್ಟು ಮಂದಿ ಕೆಲವೇ ವರ್ಷಗಳಲ್ಲಿ ಬಿಟ್ಟುಬಂದರು ಎಂಬುದು ಅವರ ಲೆಕ್ಕ. ಆದ್ದರಿಂದ ಮಕ್ಕಳನ್ನು ಹೆದರಿಸಿ ಮನೆಯಲ್ಲಿ ಕೂಡಿಹಾಕುವ ಅಗತ್ಯವಿಲ್ಲ.

ಆದರೂ ನಮ್ಮ ಮಕ್ಕಳಿಗೆ ಒಂದು ವಿಶೇಷ ತೊಡಕಿದೆ ಎಂದು ನನಗೆ ಅನಿಸುತ್ತದೆ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಾವು ಹೇಳಿಕೊಟ್ಟಿದ್ದೇವೆ. ಉಪ್ಪು ತಿಂದ ಮೇಲೆ ಎದುರು ಮಾತನಾಡಬಾರದು, ಹಿರಿಯರು ‘ಇನ್ನೆರಡು ದಿನ ಇರು’ ಎಂದರೆ ಕೊಡವಿಕೊಂಡು ಏಳಬಾರದು. ಪಾಶ್ಚಾತ್ಯ ಹುಡುಗನೊಬ್ಬ ಸಲೀಸಾಗಿ ಥ್ಯಾಂಕ್ಸ್ ಹೇಳಿ ಚೀಲ ಎತ್ತಿಕೊಂಡು ನಡೆದುಬಿಡುತ್ತಾನೆ. ನಮ್ಮವನಿಗೆ ಸಂಕೋಚ. ತಿಂದದ್ದಕ್ಕೆ ಏನಾದರೂ ಮಾಡಬೇಕು ಎಂದು ಪಾತ್ರೆ ತೊಳೆಯಲು ನಿಲ್ಲುತ್ತಾನೆ, ಆಮೇಲೆ ಪ್ರಾರ್ಥನೆಗೆ ಕೂರುತ್ತಾನೆ, ಆಮೇಲೆ ವಾರ ಕಳೆಯುತ್ತದೆ. ಅವನ ಒಳ್ಳೆಯತನವೇ ಅವನನ್ನು ಅಲ್ಲಿ ಹಿಡಿದಿಡುತ್ತದೆ.

ಹಾಗಾದರೆ ಆತಿಥ್ಯದಲ್ಲಿ ಸಾಚಾ ಯಾವುದು, ಬಲೆ ಯಾವುದು? ಆದಿಕಾಂಡದ 18ನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಿ. ಮಮ್ರೆಯ ಮರಗಳ ನೆರಳಿನಲ್ಲಿ ಅಬ್ರಹಾಮನು ಅಪರಿಚಿತರ ಬಳಿಗೆ ಓಡಿಹೋಗಿ ಕರೆತರುತ್ತಾನೆ, ಕಾಲಿಗೆ ನೀರು ಕೊಡುತ್ತಾನೆ, ಎಳೆಗರುವಿನ ಮಾಂಸ, ಹಾಲು ಮೊಸರು ಬಡಿಸುತ್ತಾನೆ. ನಾವು ಪ್ರವಚನಗಳಲ್ಲಿ ಅಲ್ಲಿಗೇ ನಿಲ್ಲಿಸುತ್ತೇವೆ. 16ನೆಯ ವಚನದಲ್ಲಿ ಅವನು ಅವರನ್ನು ಬೀಳ್ಕೊಡಲು ಜೊತೆಯಲ್ಲಿ ಒಂದಷ್ಟು ದೂರ ನಡೆದುಹೋಗುತ್ತಾನೆ. ಊಟ ಹಾಕಿದವನೇ ದಾರಿಗೂ ಹಚ್ಚುತ್ತಾನೆ. ನಮ್ಮ ಹಳ್ಳಿಗಳಲ್ಲಿ ನೆಂಟರನ್ನು ಬಸ್ ಹತ್ತಿಸಿ ಬರುವುದು ಇದೇ ಸಂಪ್ರದಾಯ.

ಮಾನಂದವಾಡಿಯ ಬಳಿ ಮಕ್ಕಿಯಾಡಿನ ಬೆನೆಡಿಕ್ಟಿನ್ ಆಶ್ರಮಕ್ಕೆ ಧ್ಯಾನಕೂಟಕ್ಕೆಂದು ಹೋದವರು ನಿಮ್ಮಲ್ಲಿಯೂ ಇರಬಹುದು. ಸಂತ ಬೆನೆಡಿಕ್ಟರು 6ನೆಯ ಶತಮಾನದಲ್ಲಿ ಬರೆದ ನಿಯಮಾವಳಿಯಲ್ಲಿ ಎರಡು ಅಧ್ಯಾಯಗಳನ್ನು ಜೊತೆಯಾಗಿ ಓದಬೇಕು. 53ನೆಯದು ಅತಿಥಿಗಳ ಕುರಿತು: ಬಂದವನನ್ನು ಕ್ರಿಸ್ತನೆಂದೇ ಭಾವಿಸಿ ಕೂಡಲೇ ಬರಮಾಡಿಕೊಳ್ಳಬೇಕು. 58ನೆಯದು ಮಠಕ್ಕೆ ಸೇರಬಯಸುವವರ ಕುರಿತು, ಅಲ್ಲಿ ಎಲ್ಲವೂ ತಿರುಗುಮುರುಗು. ಅವನಿಗೆ ಸುಲಭವಾಗಿ ಪ್ರವೇಶ ಕೊಡಬಾರದು, ನಾಲ್ಕೈದು ದಿನ ಬಾಗಿಲಲ್ಲೇ ಕಾಯಿಸಬೇಕು. ಮುಂದಿನ ಕಷ್ಟಗಳನ್ನು ಮೊದಲೇ ತಿಳಿಸಬೇಕು. ವರ್ಷದ ಅವಧಿಯಲ್ಲಿ ಮೂರು ಬಾರಿ ನಿಯಮಾವಳಿಯನ್ನು ಪೂರ್ತಿ ಓದಿಹೇಳಿ, ಬೇಡವಾದರೆ ಹೋಗಬಹುದು ಎನ್ನಬೇಕು. ವ್ರತ ತೊಟ್ಟ ನಂತರವೂ ಅವನ ಹಳೆಯ ಬಟ್ಟೆಗಳನ್ನು ಎಸೆಯದೆ ಉಗ್ರಾಣದಲ್ಲಿ ಇಡಬೇಕು, ಎಂದಾದರೂ ಹೊರಟರೆ ಬೇಕಾಗುತ್ತವೆ! ಗುರುಮಠದಲ್ಲಿ ಓದುವಾಗ ಈ ಬಟ್ಟೆಯ ಮಾತು ನನಗೆ ತಮಾಷೆಯೆನಿಸಿತ್ತು. ಈಗ ಅದು ಇಡೀ ನಿಯಮಾವಳಿಯಲ್ಲೇ ದೊಡ್ಡ ಮಾತೆನಿಸುತ್ತದೆ. ಊಟಕ್ಕೆ ತಡಮಾಡಬೇಡ, ಸೇರಿಸಿಕೊಳ್ಳಲು ಆತುರಪಡಬೇಡ. ಪಂಥಗಳು ಈ ಎರಡನ್ನೂ ಒಂದೇ ರಾತ್ರಿಯಲ್ಲಿ ಬೆಸೆಯಲು ನೋಡುತ್ತವೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯೂ 1965ರ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ ಇದನ್ನೇ ಎತ್ತಿತು: ವಿಶ್ವಾಸವನ್ನು ಸಾರುವಾಗ ಒತ್ತಾಯದ, ಅಪ್ರಾಮಾಣಿಕ ಮನವೊಲಿಕೆಯ ಸುಳಿವೂ ಇರಬಾರದು, ಬಡವರ ಮತ್ತು ಅರಿಯದವರ ವಿಷಯದಲ್ಲಂತೂ ಕೂಡದು. ಈ ಮಾತು ನಮ್ಮ ಸಂಸ್ಥೆಗಳಿಗೂ ಅಷ್ಟೇ ಅನ್ವಯಿಸುತ್ತದೆ.

1986ರಲ್ಲಿ ವ್ಯಾಟಿಕನ್ನು ಇಂಥ ಪಂಥಗಳ ಕುರಿತು ವರದಿಯೊಂದನ್ನು ಹೊರತಂದಿತು. ಲೋಕದ ನಾನಾ ಧರ್ಮಾಧ್ಯಕ್ಷರ ಮಂಡಳಿಗಳಿಂದ ಬಂದ ಉತ್ತರಗಳ ಮೇಲೆ ತಯಾರಾದ ವರದಿ ಅದು. ಜನ ಅತ್ತ ಹೋಗಲು ಅದು ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು ಸಿದ್ಧಾಂತವಲ್ಲ, ತನ್ನವರೆಂಬುವರು ಬೇಕೆಂಬ ಹಂಬಲ. ನಮ್ಮ ದೇವಾಲಯಗಳಿಗೆ ಭಾನುವಾರ ಹೊಸಬನೊಬ್ಬ ಬಂದು ಹಿಂದಿನ ಸಾಲಿನಲ್ಲಿ ಕುಳಿತು, ಬಲಿಪೂಜೆ ಮುಗಿಸಿ ಹೋಗುತ್ತಾನೆ. ಯಾರೂ ಹೆಸರು ಕೇಳುವುದಿಲ್ಲ. ಕೇಳಿದರೂ ಅದು ಚಂದಾ ಪುಸ್ತಕಕ್ಕಾಗಿ. ಬೆಂಗಳೂರಿನ ಪಿಜಿಯಲ್ಲಿರುವ ನಮ್ಮೂರಿನ ಹುಡುಗಿಗೆ ಒಂದು ಭಾನುವಾರದ ಊಟ ಹಾಕಿದ ಕುಟುಂಬಗಳು ಎಷ್ಟಿವೆ?

ಇನ್ನು ತಂದೆತಾಯಿಗಳಿಗೆ. ಮಗಳು ಫೋನಿನಲ್ಲಿ ‘ಅಮ್ಮಾ, ಇಲ್ಲಿ ಬಹಳ ಒಳ್ಳೆಯವರು ಸಿಕ್ಕಿದ್ದಾರೆ, ಇವರ ಜೊತೆಯೇ ಇರೋಣ ಅಂದುಕೊಂಡಿದ್ದೇನೆ’ ಎಂದರೆ ಕಿರುಚಾಡಬೇಡಿ. ‘ಮನೆಗೆ ಕಾಲಿಡಬೇಡ’ ಎಂದು ಅಪ್ಪ ಹೇಳಿದ ಮಾತು ಆ ಪಂಥದವರಿಗೇ ಉಪಕಾರ. ಮೆಲ್ಲಗೆ ಕೇಳಿ: ಅವರ ಸಂಸ್ಥೆಯ ಪೂರ್ತಿ ಹೆಸರೇನು? ಕೆಲಸಕ್ಕೆ ಸಂಬಳ ಯಾರ ಖಾತೆಗೆ ಬರುತ್ತದೆ? ಪಾಸ್‌ಪೋರ್ಟು ಯಾರ ಬಳಿ ಇದೆ? ನಾಳೆ ಬೆಳಿಗ್ಗೆ ಹೊರಡುತ್ತೇನೆಂದರೆ ಬಸ್ ನಿಲ್ದಾಣಕ್ಕೆ ಬಿಡುತ್ತಾರೆಯೇ? ಸೇರುವ ಮೊದಲು ಒಂದು ತಿಂಗಳು ಊರಿಗೆ ಬಂದು ಯೋಚಿಸಲು ಒಪ್ಪುತ್ತಾರೆಯೇ? ಉತ್ತರಗಳನ್ನು ಬರೆದಿಟ್ಟುಕೊಳ್ಳಿ, ಮುಂದಿನ ವಾರ ಮತ್ತೆ ಕೇಳಿ. ಫೋನು ಎಲ್ಲರೆದುರು ಸ್ಪೀಕರಿನಲ್ಲಿ ಇದೆಯೆಂದು ಅನಿಸಿದರೆ ಮನೆಯ ದನ, ಕರು, ಮಳೆ, ತಮ್ಮನ ಪರೀಕ್ಷೆಯ ಸುದ್ದಿಯನ್ನಷ್ಟೇ ಹೇಳಿ, ಆದರೆ ಪ್ರತಿವಾರ ತಪ್ಪದೆ ಹೇಳಿ.

ಹೊರಡುವ ಮೊದಲೇ ಮಾಡಬಹುದಾದದ್ದೂ ಇದೆ. ವಾಪಸು ಟಿಕೆಟ್ಟಿನಷ್ಟು ಹಣ ಯಾರೂ ಮುಟ್ಟದಂತೆ ಅವರದೇ ಖಾತೆಯಲ್ಲಿರಲಿ. ಹೋಗುವ ಊರಿನ ಕಥೋಲಿಕ ಧರ್ಮಕೇಂದ್ರದ ವಿಳಾಸವನ್ನು ನಿಮ್ಮ ಗುರುಗಳಿಂದ ಕೇಳಿ ಪಡೆಯಿರಿ. ಆಸ್ಟ್ರೇಲಿಯಾಕ್ಕಾದರೆ 2013ರ ಕೊನೆಯಲ್ಲಿ ಸ್ಥಾಪನೆಯಾದ ಮೆಲ್ಬರ್ನಿನ ಸಿರೋ ಮಲಬಾರ್ ಧರ್ಮಪ್ರಾಂತ್ಯವಿದೆ, ಮಾನಂದವಾಡಿಯ ಕಡೆಯ ಕುಟುಂಬಗಳಿಗೆ ಅಲ್ಲಿ ಪರಿಚಿತರು ಸಿಕ್ಕಬಹುದು. ಗುರುಗಳಿಂದ ಪತ್ರವೊಂದನ್ನು ಬರೆಸಿಕೊಂಡು ಹೋಗಲಿ, ತಲುಪಿದ ಮೊದಲ ಭಾನುವಾರವೇ ಅದನ್ನು ಅಲ್ಲಿನ ಗುರುಗಳ ಕೈಗೆ ಕೊಡಲಿ.