575 ಟನ್ ಹೊತ್ತು ಹಾರಿಸೋದು ಬರೀ ಗಾಳಿ!

ನಿಮಗಿದು ಗೊತ್ತೇ? ಪ್ರಯಾಣಿಕರ ವಿಮಾನಗಳಲ್ಲೇ ದೈತ್ಯ ಅನ್ನಿಸಿಕೊಂಡ ಏರ್‌ಬಸ್ ಎ380 ಪೂರ್ತಿ ತುಂಬಿದಾಗ 575 ಟನ್ ತೂಗುತ್ತದೆ. ಅದರ ರೆಕ್ಕೆಗಳ ವಿಸ್ತೀರ್ಣ 845 ಚದರ ಮೀಟರ್. ಭಾಗಿಸಿ ನೋಡಿ. ಒಂದು ಚದರ ಮೀಟರ್ ರೆಕ್ಕೆ ಹೊರಬೇಕಾದ ಭಾರ ಸುಮಾರು 680 ಕಿಲೋ! ತುಂಬಾ ಆಯ್ತು ಅನ್ನಿಸಿತೇ? ತಾಳಿ. ನಮ್ಮ ಸುತ್ತಲಿನ ಗಾಳಿ ಒಂದೊಂದು ಚದರ ಮೀಟರನ್ನೂ ಸುಮಾರು 10 ಟನ್ ಭಾರದಷ್ಟು ಒತ್ತುತ್ತಲೇ ಇರುತ್ತದೆ. ಅದರಲ್ಲಿ ರೆಕ್ಕೆಯ ಮೇಲಿನ ಒತ್ತಡಕ್ಕೂ ಕೆಳಗಿನ ಒತ್ತಡಕ್ಕೂ ನೂರಕ್ಕೆ ಏಳರಷ್ಟು ವ್ಯತ್ಯಾಸ ಬಿದ್ದರೆ ಸಾಕು, ಎ380 ಆಕಾಶದಲ್ಲಿ!

ರೆಕ್ಕೆಯ ಉಬ್ಬಿದ ಮೇಲ್ಭಾಗದ ಗಾಳಿ ಹೆಚ್ಚು ದೂರ ಹೋಗಬೇಕು, ಕೆಳಗಿನ ಗಾಳಿಯ ಜೊತೆಗೇ ಹಿಂಬದಿ ತಲುಪಬೇಕು, ಅದಕ್ಕೇ ಜೋರಾಗಿ ಓಡುತ್ತೆ ಅಂತ ಎಲ್ಲೋ ಓದಿದ್ದೀರಾ? ಮರೆತುಬಿಡಿ! ಜೋರಾಗಿ ಓಡುವುದೇನೋ ನಿಜ. ಆದರೆ ಎರಡೂ ಒಟ್ಟಿಗೆ ತಲುಪುವುದೇ ಇಲ್ಲ. ಮೇಲಿನದು ಮೊದಲೇ ಹೋಗಿ ಮುಟ್ಟಿರುತ್ತದೆ. ಕೆಳಗಿನದಕ್ಕೆ ಅದು ಯಾಕಾದರೂ ಕಾಯಬೇಕು, ಹೇಳಿ?

ಇನ್ನು ಉಬ್ಬೇ ಸರ್ವಸ್ವ ಆಗಿದ್ದರೆ ಯಲಹಂಕದ ಏರ್ ಶೋನಲ್ಲಿ ಯಾವ ವಿಮಾನವೂ ತಲೆಕೆಳಗಾಗಿ ಹಾರುತ್ತಿರಲಿಲ್ಲ! ಎದುರಿನ ಗಾಳಿಗೆ ರೆಕ್ಕೆಯನ್ನು ತುಸು ಓರೆಯಾಗಿ ಹಿಡಿದರಾಯ್ತು. ಗಾಳಿ ಕೆಳಕ್ಕೆ ತಿರುಗುತ್ತದೆ, ರೆಕ್ಕೆ ಮೇಲಕ್ಕೆ ಹೋಗುತ್ತದೆ.

ವಿಮಾನದ ಮೂಗು ಮೇಲೇಳಬೇಕಾದರೆ ಬಾಲ ಕೆಳಗಿಳಿಯಬೇಕು! ಟೇಕಾಫ್ ಹೊತ್ತಿಗೆ ಬಾಲದ ಪುಟ್ಟ ರೆಕ್ಕೆ ಮಾಡುವ ಕೆಲಸ ವಿಮಾನವನ್ನು ಎತ್ತುವುದಲ್ಲ, ತನ್ನ ತುದಿಯನ್ನು ಕೆಳಕ್ಕೆ ಅದುಮುವುದು.

ಸೈಕಲ್ ತುಳಿಯುವವರಿಗೆ ಎದುರುಗಾಳಿ ಶತ್ರು. ಪೈಲಟ್‌ಗೆ ಅದೇ ಪರಮಮಿತ್ರ! ರೆಕ್ಕೆಗೆ ಬೇಕಾದ್ದು ತನ್ನ ಮೇಲೆ ಹಾಯುವ ಗಾಳಿಯ ವೇಗ. ನೆಲದ ಮೇಲೆ ಎಷ್ಟು ಜೋರಾಗಿ ಓಡಿದೆ ಅನ್ನುವುದು ಅದಕ್ಕೆ ಬೇಕಿಲ್ಲ. 1903ರ ಡಿಸೆಂಬರ್ 17ರಂದು ಆರ್ವಿಲ್ ರೈಟ್ ಎಂಜಿನ್ ವಿಮಾನದಲ್ಲಿ ಮೊದಲ ಸಲ ಹಾರಿದಾಗ ಗಂಟೆಗೆ 30 ಕಿ.ಮೀ. ಮೀರಿದ ಎದುರುಗಾಳಿ ಬೀಸುತ್ತಿತ್ತು. ಹಾಗಾಗಿ ನೆಲದ ಲೆಕ್ಕದಲ್ಲಿ ವಿಮಾನದ ವೇಗ ಗಂಟೆಗೆ ಬರೀ 11 ಕಿ.ಮೀ. ಆಸುಪಾಸು. ಅಣ್ಣ ವಿಲ್ಬರ್ ರೆಕ್ಕೆಯ ತುದಿ ಹಿಡಿದು ಪಕ್ಕದಲ್ಲೇ ಓಡಿದ್ದ! ಹಾರಿದ್ದು 12 ಸೆಕೆಂಡು, ಸಾಗಿದ ದೂರ ಸುಮಾರು 37 ಮೀಟರ್. ಎ380ಯ ಒಂದು ರೆಕ್ಕೆತುದಿಯಿಂದ ಹೊರಟಿದ್ದರೆ ಇನ್ನೊಂದು ತುದಿಯ ಅರ್ಧ ದಾರಿಯನ್ನೂ ಮುಟ್ಟುತ್ತಿರಲಿಲ್ಲ!

ಬೆಂಗಳೂರು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಕರಾವಳಿಗಿಂತ ತೆಳು. ಅಷ್ಟೇ ಭಾರದ ವಿಮಾನ ಮಂಗಳೂರಿಗಿಂತ ಇಲ್ಲಿ ಜಾಸ್ತಿ ದೂರ ಓಡಿಯೇ ಮೇಲೇಳಬೇಕು! ಬೊಲಿವಿಯಾದ ಎಲ್ ಆಲ್ಟೊ ನಿಲ್ದಾಣವಂತೂ 4,000 ಮೀಟರ್‌ಗಿಂತ ಎತ್ತರ. ಅಲ್ಲಿನ ರನ್‌ವೇ ನಾಲ್ಕು ಕಿಲೋಮೀಟರ್ ಉದ್ದ!

ಬಿಸಿಲಿಗೂ ಗಾಳಿ ತೆಳ್ಳಗಾಗುತ್ತದೆ. 2017ರ ಜೂನ್‌ನಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ತಾಪಮಾನ 48 ಡಿಗ್ರಿ ತಲುಪಿತು. ಹತ್ತಾರು ಹಾರಾಟಗಳು ರದ್ದಾದವು!

ಮಳೆಗಾಲದಲ್ಲಿ ರೆಕ್ಕೆಯ ಪಕ್ಕದ ಸೀಟು ಸಿಕ್ಕರೆ ಬಿಡಬೇಡಿ. ಹೊರಡುವ ಮುಂಚೆ ಗುಂಯ್ ಅಂತ ಸದ್ದಾಗುತ್ತದೆ. ರೆಕ್ಕೆಯ ಹಿಂದಿನ ಅಂಚು ಹೊರಗೆ ಜಾರಿ ಕೆಳಕ್ಕೆ ಬಾಗುತ್ತದೆ. ಅದೇ ಫ್ಲ್ಯಾಪ್. ಕಡಿಮೆ ವೇಗದಲ್ಲೂ ವಿಮಾನ ಮೇಲೇಳುವಂತೆ ಮಾಡುವ ಕಿಲಾಡಿ! ಚಕ್ರ ನೆಲ ಬಿಟ್ಟ ಕ್ಷಣದಲ್ಲಿ ರೆಕ್ಕೆಯ ಬೆನ್ನ ಮೇಲೆ ಒಮ್ಮೊಮ್ಮೆ ಬಿಳಿ ಮಂಜು ಭಗ್ಗನೆ ಎದ್ದು ಮಾಯವಾಗುತ್ತದೆ. ಹೊಗೆಯಲ್ಲ, ಗಾಬರಿ ಬೇಡ. ಅಲ್ಲಿ ಒತ್ತಡ ಇಳಿಯಿತು, ಗಾಳಿ ತಣ್ಣಗಾಯಿತು, ತೇವ ಮೋಡವಾಯಿತು. ವಿಮಾನವನ್ನು ಎತ್ತುತ್ತಿರುವ ಒತ್ತಡದ ಆಟ ಬರಿಗಣ್ಣಿಗೇ ಕಂಡಂತೆ!

ಚಳಿ ದೇಶಗಳಲ್ಲಿ ರೆಕ್ಕೆಯ ಮೇಲೆ ಉಪ್ಪುಕಾಗದದಷ್ಟು ತೆಳುವಾಗಿ, ಒರಟಾಗಿ ಹಿಮ ಕೂತರೂ ಮೇಲೆತ್ತುವ ಬಲ ನೂರಕ್ಕೆ 30ರಷ್ಟು ಕುಸಿಯಬಹುದು! ಅದನ್ನು ತೊಳೆದು ಮುಗಿಸುವವರೆಗೆ ವಿಮಾನ ಕದಲುವುದಿಲ್ಲ. ಲೇಟಾಯ್ತು ಅಂತ ಗೊಣಗಬೇಡಿ ಮತ್ತೆ!